ಮೋಲ್ ಹೊಳೆಯಲ್ಲಿ ಗಾಳ: ಬೆಂಡೋ, ತಳದ ತೂಕವೋ, ರೀಲಿಲ್ಲದ ಕೋಲೋ?

ಇಂಗ್ಲೆಂಡಿಗೆ ಬಂದು ನೆಲೆ ನಿಂತ ನಮ್ಮವರಲ್ಲಿ ಗಾಳದ ಹುಚ್ಚಿನವರು ಕಡಿಮೆಯೇನಿಲ್ಲ. ಊರಲ್ಲಿ ಹೇಮಾವತಿಯಲ್ಲೋ ತುಂಗೆಯಲ್ಲೋ ಬಿದಿರ ಕೋಲಿಗೆ ಎರೆಹುಳ ಸಿಕ್ಕಿಸಿ ಕೂತು ಬೆಳೆದವರು, ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲೇ ಫೋನ್ ಮಾಡಿ ಕೇಳುತ್ತಾರೆ: “ಅಣ್ಣಾ, ಯಾವ ರಾಡ್ ತಗೊಳ್ಳಲಿ?” ಯಾವ ನೀರಿಗೆ ಅಂತ ನಾನು ತಿರುಗಿ ಕೇಳುತ್ತೇನೆ. ಕೆರೆಗೆ ಒಂದು ಲೆಕ್ಕ, ಥೇಮ್ಸ್‌ನಂಥ ದೊಡ್ಡ ನದಿಗೆ ಇನ್ನೊಂದು. ಈ ದಡದಿಂದ ಆ ದಡಕ್ಕೆ ಹತ್ತು ಹನ್ನೆರಡು ಮೀಟರ್ ಇರುವ, ಬಯಲಿನಲ್ಲಿ ಬಳುಕುತ್ತಾ ಹೋಗುವ ಸಣ್ಣ ಹೊಳೆಯ ಲೆಕ್ಕವೇ ಬೇರೆ. ಈ ಬರಹ ಅಂಥ ಹೊಳೆಗೆ ಹೋಗುವವರಿಗಾಗಿ.

ನಾನು ಬಲ್ಲ ಹೊಳೆ ಮೋಲ್. ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ರನ್‌ವೇ ಅಡಿಯಲ್ಲಿ ಹಾದು, ಹಾರ್ಲಿ, ಬ್ರಾಕಮ್, ಡಾರ್ಕಿಂಗ್ ದಾಟಿ, ಬಾಕ್ಸ್ ಹಿಲ್ ಬುಡದಲ್ಲಿ ಸುಣ್ಣಗಲ್ಲಿನ ಗುಡ್ಡಗಳನ್ನು ಸೀಳಿಕೊಂಡು ಲೆದರ್‌ಹೆಡ್ ಕಡೆ ಹೊರಡುತ್ತದೆ. ಸುಮಾರು 80 ಕಿಲೋಮೀಟರ್ ಹರಿದು ಹ್ಯಾಂಪ್ಟನ್ ಕೋರ್ಟ್ ಅರಮನೆಯ ಎದುರು ಥೇಮ್ಸ್ ಸೇರುತ್ತದೆ. ಅದೇ ನೀರು ಮುಂದೆ ಲಂಡನ್ನಿನ ಲ್ಯಾಂಬೆತ್‌ನಲ್ಲಿ, 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ನಮ್ಮ ಬಸವಣ್ಣನವರ ಪ್ರತಿಮೆಯ ಮುಂದೆ ಹಾಯುತ್ತದೆ ಎಂದು ನೆನೆದಾಗೆಲ್ಲ ನನಗೆ ಈ ಹೊಳೆಯ ಮೇಲೆ ಒಂದು ಹಿಡಿ ಅಕ್ಕರೆ ಹೆಚ್ಚಾಗುತ್ತದೆ.

ಗಾಳ ಹಾಕುವವನು ಇದರ ಬಗ್ಗೆ ತಿಳಿದಿರಬೇಕಾದ ಮುಖ್ಯ ಸಂಗತಿ, ಮೇಲಿನ ಭಾಗದಲ್ಲಿ ಇದು ಜೇಡಿಮಣ್ಣಿನ ನೆಲದ ಮೇಲೆ ಹರಿಯುತ್ತದೆ ಎಂಬುದು. ಜೇಡಿ ನೀರು ಕುಡಿಯುವುದಿಲ್ಲ. ರಾತ್ರಿ ಜೋರು ಮಳೆ ಬಿದ್ದರೆ ಬೆಳಗಾಗುವಷ್ಟರಲ್ಲಿ ಹೊಳೆ ಏರಿ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಮಳೆ ನಿಂತರೆ ಏರಿದಷ್ಟೇ ಬೇಗ ಇಳಿಯುತ್ತದೆ. ಕೆಳಗೆ ಡಾರ್ಕಿಂಗ್ ಮತ್ತು ಲೆದರ್‌ಹೆಡ್ ನಡುವೆ ತಳದ ಸುಣ್ಣಗಲ್ಲಿನ ಬಿಲಗಳು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ, ಬರದ ಬೇಸಿಗೆಯಲ್ಲಿ ಅಲ್ಲಿ ಹರಿವೇ ಬತ್ತಿದ್ದುಂಟು. ಹಾಗಾಗಿ ಹೋದ ವಾರ ಫಲಿಸಿದ ಉಪಾಯ ಈ ವಾರ ಫಲಿಸದಿರಬಹುದು. ಯಾವ ಸಲಕರಣೆ ಎಂಬ ಪ್ರಶ್ನೆಯನ್ನು ಅಂಗಡಿಯಲ್ಲಿ ಅರ್ಧ ತೀರ್ಮಾನ ಮಾಡಬಹುದು, ಉಳಿದರ್ಧ ದಡದಲ್ಲಿ ನಿಂತ ಮೇಲೆಯೇ.

ಮೊದಲು ಕಾನೂನು

ಇಲ್ಲಿ ಸಾಲ್ಮನ್, ಟ್ರೌಟ್ ಜಾತಿಯವನ್ನು ಬಿಟ್ಟು ಉಳಿದ ಸಿಹಿನೀರಿನ ಮೀನುಗಳಿಗೆಲ್ಲ ಕೋರ್ಸ್ ಫಿಶ್ ಎನ್ನುತ್ತಾರೆ. ಮೋಲ್‌ನಂಥ ಹೊಳೆಯಲ್ಲಿ ಅವು ಚಬ್, ರೋಚ್, ಡೇಸ್, ಪರ್ಚ್, ಗಜನ್, ಪೈಕ್, ಮತ್ತು ಅದೃಷ್ಟವಿದ್ದರೆ ಬಾರ್ಬೆಲ್. ಇಂಗ್ಲೆಂಡಿನ ಹೊಳೆಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ, ಎರಡೂ ದಿನ ಸೇರಿ, ಇವುಗಳಿಗೆ ಗಾಳ ಹಾಕುವಂತಿಲ್ಲ. ಮೊಟ್ಟೆಯಿಡುವ ಕಾಲವೆಂದು 1878ರ ಕಾನೂನಿನಿಂದ ಬಂದ ಬಿಡುವು ಇದು. ಜೂನ್ 16ರ ಬೆಳಗ್ಗೆ ದಡದಲ್ಲಿ ಹಬ್ಬದ ಕಳೆ ಇರುತ್ತದೆ.

13 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಸರ್ಕಾರದ ರಾಡ್ ಲೈಸೆನ್ಸ್ ಬೇಕು. 13ರಿಂದ 16ರವರೆಗಿನ ಮಕ್ಕಳಿಗೆ ಅದು ಉಚಿತ, ಆದರೆ ಮಾಡಿಸಿಕೊಂಡಿರಲೇಬೇಕು. ಇಲ್ಲದೆ ಸಿಕ್ಕಿಬಿದ್ದರೆ ದಂಡ 2,500 ಪೌಂಡ್‌ವರೆಗೂ ಹೋಗಬಹುದು. ನಮ್ಮವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲೆಂದರಲ್ಲಿ ಕೂರುವಂತಿಲ್ಲ. ಇಂಥ ಹೊಳೆಯಲ್ಲಿ ಮೀನು ಹಿಡಿಯುವ ಹಕ್ಕು ದಡದ ಜಮೀನಿನವರದು, ಅವರು ಅದನ್ನು ಸಾಮಾನ್ಯವಾಗಿ ಯಾವುದಾದರೂ ಕ್ಲಬ್ಬಿಗೆ ಕೊಟ್ಟಿರುತ್ತಾರೆ. ದಿನದ ಟಿಕೆಟ್ಟೋ ವರ್ಷದ ಸದಸ್ಯತ್ವವೋ ಎಂದರೆ, ಮೊದಲ ಎರಡು ಮೂರು ಸಲ ದಿನದ ಟಿಕೆಟ್ ಸಾಕು, ಹೊಳೆ ಮನಸ್ಸಿಗೆ ಹತ್ತಿದರೆ ಸದಸ್ಯತ್ವ. ಕ್ಲಬ್ಬಿನ ಹಿರಿಯರು ಹೇಳಿಕೊಡುವಷ್ಟನ್ನು ಯಾವ ವಿಡಿಯೋವೂ ಹೇಳಿಕೊಡುವುದಿಲ್ಲ.

ಬೆಂಡು ಬಿಡುವುದು

ಹರಿವಿನ ಜೊತೆ ಬೆಂಡನ್ನು ಬಿಟ್ಟು ಎರೆಯನ್ನು ಮೀನಿನ ಮುಂದೆ ಸಹಜವಾಗಿ ತೇಲಿಸಿಕೊಂಡು ಹೋಗುವುದಕ್ಕೆ ಇಲ್ಲಿ ಟ್ರಾಟಿಂಗ್ ಎನ್ನುತ್ತಾರೆ. ಇದಕ್ಕೆ 13 ಅಡಿಯ ಹಗುರ ಕೋಲು ಬೇಕು. ಇಷ್ಟು ಸಣ್ಣ ಹೊಳೆಗೆ ಅಷ್ಟುದ್ದ ಏಕೆಂದು ಕೇಳುತ್ತಾರೆ. ಕೋಲು ಉದ್ದವಿದ್ದರೆ ದಾರವನ್ನು ನೀರಿಗೆ ತಾಗಿಸದೆ ಬೆಂಡಿನ ಹಿಂದೆಯೇ ನೇರ ಹಿಡಿಯಬಹುದು. ದಾರ ನೀರಿಗೆ ಬಿತ್ತೆಂದರೆ ಹರಿವು ಅದನ್ನು ಬಿಲ್ಲಿನಂತೆ ಬಾಗಿಸಿ ಬೆಂಡನ್ನು ಪಕ್ಕಕ್ಕೆ ಎಳೆಯುತ್ತದೆ, ಎರೆಯೂ ಜೊತೆಗೆ ಓರೆಯಾಗಿ ಓಡುತ್ತದೆ. ಹಾಗೆ ಓಡುವ ಹುಳವನ್ನು ಡೇಸ್ ಮೂಸಿಯೂ ನೋಡುವುದಿಲ್ಲ.

ಬೆಂಡನ್ನು ಮೇಲೆ ಕೆಳಗೆ ಎರಡೂ ಕಡೆ ರಬ್ಬರ್ ಉಂಗುರದಿಂದ ದಾರಕ್ಕೆ ಸಿಕ್ಕಿಸಿ, ಅದರ ಕೆಳಗೆ ಗಾಳದವರೆಗೆ ತೂಕದ ಸಣ್ಣ ಗುಂಡುಗಳನ್ನು ಅಂಗಿಯ ಗುಂಡಿಯಂತೆ ಸಮ ಅಂತರದಲ್ಲಿ ಕಟ್ಟುತ್ತಾರೆ. ಗಾಳ 18 ಅಥವಾ 20ರ ಅಳತೆ. (ಇಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಗಾಳ ಚಿಕ್ಕದು, ಹೊಸಬರು ಇದರಲ್ಲಿ ಮೋಸ ಹೋಗುತ್ತಾರೆ.) ಅದಕ್ಕೆ ಒಂದೋ ಎರಡೋ ಬಿಳಿ ಹುಳು, ಅಂದರೆ ನೊಣದ ಮರಿಹುಳು. ಪ್ರತಿ ಸಲ ಬೆಂಡು ಬಿಡುವ ಮುಂಚೆ ಒಂದು ಚಿಟಿಕೆ ಹುಳು ಎರಚಬೇಕು. ಎರಡೇ ಹುಳವಾದರೂ ಸರಿ, ತಪ್ಪಿಸಬಾರದು. ಅರ್ಧ ಗಂಟೆ ಹೀಗೆ ಬಿಡದೆ ಎರಚಿದರೆ ಮೀನುಗಳು ಒಂದರ ಹಿಂದೊಂದು ಸಾಲುಗಟ್ಟಿ ಮೇಲೇರಿ ಬರುತ್ತವೆ.

ಇದರ ಜೀವಾಳ ಬೆಂಡನ್ನು ತಡೆಯುವುದರಲ್ಲಿದೆ. ಮೇಲ್ಮೈ ನೀರು ತಳದ ನೀರಿಗಿಂತ ಜೋರಾಗಿ ಓಡುತ್ತದೆ. ಬೆಂಡನ್ನು ಅದರ ಪಾಡಿಗೆ ಬಿಟ್ಟರೆ ಎರೆ ತಳದಲ್ಲಿ ಹಿಂದೆ ಬಿದ್ದು ಎಳೆಸಿಕೊಂಡು ಬರುತ್ತದೆ. ರೀಲಿನ ಅಂಚಿಗೆ ಬೆರಳು ಒತ್ತಿ ಸ್ವಲ್ಪ ತಡೆದರೆ ಎರೆ ಮುಂದಕ್ಕೆ ತೂಗಿ, ತಳದಿಂದ ಮೆಲ್ಲನೆ ಮೇಲೇಳುತ್ತದೆ. ಬೆಂಡಿನ ಕೆಂಪು ತುದಿ ನೀರಲ್ಲಿ ಒಂದು ಗೆರೆ ಎಳೆದುಕೊಂಡು ನಡುಗುತ್ತಾ ನಿಲ್ಲುತ್ತದೆ, ಇದ್ದಕ್ಕಿದ್ದಂತೆ ಇರುವುದಿಲ್ಲ. ಮೊದಲ ಸಲ ಹಾಗೆ ಮಾಯವಾದಾಗ ನನ್ನ ಕೈ ಕೋಲನ್ನೆತ್ತುವುದನ್ನೇ ಮರೆತಿತ್ತು.

ಇದಕ್ಕೆ ಎಂಥ ನೀರು ಬೇಕು? ಮಂಡಿಯಿಂದ ಎದೆಯವರೆಗಿನ ಆಳ, ನಡಿಗೆಯ ವೇಗದ ಹರಿವು, ಒಂದಿಷ್ಟು ನೇರ ಉದ್ದ. ಮೋಲ್‌ನಲ್ಲಿ ಅಂಥ ಓಟ ಎಲ್ಲ ಕಡೆ ಸಿಗುವುದಿಲ್ಲ. ಬಿದ್ದ ಮರ, ಜೊಂಡು, ಎರಡು ಹೆಜ್ಜೆಗೊಂದು ತಿರುವು. ಆದರೂ ಕಲಿಯುವವರು ಮೊದಲು ಬೆಂಡನ್ನೇ ಹಿಡಿಯಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಂಡು ತಳದ ಪ್ರತಿ ಅಂಗುಲವನ್ನೂ ತೋರಿಸುತ್ತದೆ: ಇಲ್ಲಿ ಗುಣಿ, ಇಲ್ಲಿ ಜಲ್ಲಿ, ಇಲ್ಲಿ ಮುಳುಗಿದ ಕೊಂಬೆ. ತಳದಲ್ಲಿ ತೂಕ ಕೂರಿಸಿದವನಿಗೆ ಒಂದು ಜಾಗವಷ್ಟೇ ಗೊತ್ತಾಗುತ್ತದೆ, ಬೆಂಡು ಬಿಟ್ಟವನಿಗೆ ಹದಿನೈದು ಮೀಟರ್ ಹೊಳೆ ಬಾಯಿಪಾಠವಾಗುತ್ತದೆ.

ತಳದಲ್ಲಿ ಕೂರಿಸುವುದು

ಎರೆಯನ್ನು ಸಣ್ಣ ತೂಕದಿಂದ ತಳಕ್ಕೆ ಇಳಿಸಿ ಕೋಲಿನ ತುದಿಯ ಅಲುಗಾಟ ನೋಡುತ್ತಾ ಕೂರುವುದು ಲೆಜರಿಂಗ್. 9ರಿಂದ 11 ಅಡಿಯ ಕೋಲು, ತುದಿಗೆ ಬೆತ್ತದಂತೆ ಬಳುಕುವ ತೆಳು ಕಡ್ಡಿ, ಅದಕ್ಕೆ ಕ್ವಿವರ್‌ಟಿಪ್ ಎಂದು ಹೆಸರು. ಅಂಗಡಿಯಲ್ಲಿ ದೊಡ್ಡ ನದಿಗೆ ಬೇಕಾದ 50–60 ಗ್ರಾಂ ತೂಕಗಳನ್ನು ತೋರಿಸುತ್ತಾರೆ. ಸಣ್ಣ ಹೊಳೆಗೆ ಅದು ಬೇಡವೇ ಬೇಡ. ದಾರದ ತುಂಡಿಗೆ ಎರಡು ಮೂರು ಗುಂಡು ಒತ್ತಿದರೆ ಸಾಕು, ಎಲ್ಲ ಸೇರಿ 5 ಗ್ರಾಂ ಆಸುಪಾಸು. ತೂಕ ನೀರಿನ ರಭಸಕ್ಕೆ ಈಗ ಜಾರಲೋ ಇನ್ನೊಂದು ಕ್ಷಣಕ್ಕೆ ಜಾರಲೋ ಎಂಬಂತೆ ಅಳತೆಗೆ ಸರಿಯಾಗಿ ನಿಲ್ಲಬೇಕು. ಆಗ ಚಬ್ ಎರೆಯನ್ನು ಬಾಯಿಗೆ ಹಾಕಿಕೊಂಡ ಕೂಡಲೇ ತೂಕ ಕದಲಿ, ಬಾಗಿದ್ದ ತುದಿ ಫಟ್ಟನೆ ನೆಟ್ಟಗಾಗುತ್ತದೆ. ಎಳೆತವನ್ನೇ ಕಾದು ಕೂತ ಹೊಸಬರಿಗೆ ಈ ಸಡಿಲವೂ ಕಡಿತವೇ ಎಂದು ತಿಳಿಯಲು ಒಂದು ಚಳಿಗಾಲ ಬೇಕಾಗುತ್ತದೆ.

ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಹಿಡಿದು ಕೂರುವುದು ನನಗೆ ಇನ್ನೂ ಇಷ್ಟ. ಜಲ್ಲಿಯ ಮೇಲೆ ತೂಕ ಉರುಳಿದರೆ ಬೆರಳಿಗೆ ಗರಗರ ಎನ್ನುತ್ತದೆ, ಎಲೆ ಬಂದು ಸಿಕ್ಕಿಕೊಂಡರೆ ಒಂದೇ ಸಮ ಭಾರ, ಮೀನಾದರೆ ಯಾರೋ ತೋಳು ಹಿಡಿದು ಸಣ್ಣಗೆ ಜಗ್ಗಿದಂತೆ. ಕತ್ತಲಾದ ಮೇಲೆ ಕಣ್ಣಿಗೆ ಏನೂ ಕಾಣದಾಗ ಬೆರಳೊಂದೇ ಗತಿ. ಚಬ್‌ಗಳು ವಿಲ್ಲೋ ಮರದ ಬೇರಿನ ಅಡಿಯಿಂದ ಧೈರ್ಯವಾಗಿ ಹೊರಬರುವುದೂ ಆ ಮುಸ್ಸಂಜೆಯ ಒಂದು ಗಂಟೆಯಲ್ಲೇ.

ಹೊಸಬರು ಲೆಜರ್ ಹಿಡಿದ ಕೂಡಲೇ ಕುರ್ಚಿ ಹಾಕಿ ಬೇರೂರುತ್ತಾರೆ. ಹೋದ ನವೆಂಬರ್‌ನಲ್ಲಿ ಅರಕಲಗೂಡಿನ ಕಡೆಯ ಹುಡುಗನೊಬ್ಬ ನನ್ನ ಜೊತೆ ಬಂದಿದ್ದ.

“ಅಣ್ಣಾ, ಮೂರು ಗಂಟೆಯಾಯ್ತು, ಒಂದೂ ಕಚ್ಲಿಲ್ಲ.”

“ಮೂರು ಗಂಟೆ ಅಲ್ಲೇ ಕೂತಿದ್ಯೇನೋ? ಎದ್ದೇಳು ಮಾರಾಯ, ಮುಂದಿನ ತಿರುವಿಗೆ ಹೋಗೋಣ.”

ಸಣ್ಣ ಹೊಳೆಯಲ್ಲಿ ಚಬ್ ಇರುವ ಜಾಗದಲ್ಲಿ ಇಪ್ಪತ್ತು ನಿಮಿಷದೊಳಗೆ ಕಚ್ಚುತ್ತದೆ, ಇಲ್ಲವಾದರೆ ಅಲ್ಲಿ ಇಲ್ಲ ಅಥವಾ ಬೆದರಿದೆ. ನನ್ನ ಕ್ರಮ ಹೀಗೆ. ಮೊದಲು ಐದು ಜಾಗಕ್ಕೆ ಪುಡಿ ಬ್ರೆಡ್ಡಿನ ಒಂದೊಂದು ಮುದ್ದೆ ಹಾಕಿಕೊಂಡು ಹೋಗುತ್ತೇನೆ, ಆಮೇಲೆ ಮೊದಲನೆಯದಕ್ಕೆ ಮರಳಿ ಒಂದೊಂದರಲ್ಲೂ ಇಪ್ಪತ್ತು ನಿಮಿಷ. ಕೈಯಲ್ಲಿ ಒಂದು ಕೋಲು, ಒಂದು ಕೈಬಲೆ, ಹೆಗಲಿಗೊಂದು ಚೀಲ. ಅಂದು ಹುಡುಗನಿಗೆ ಮೂರನೆಯ ಜಾಗದಲ್ಲಿ ಒಂದೂವರೆ ಕಿಲೋದ ಚಬ್ ಸಿಕ್ಕಿತು. ಓಡುವ ನೀರಿಗೂ ನಿಂತ ನೀರಿಗೂ ನಡುವೆ ಕಾಣುವ ಗೆರೆಯ ಮೇಲೆ, ಸರಿಯಾಗಿ.

ಲೆಜರ್‌ಗೆ ಒಂದು ಕಂಟಕವಿದೆ. ಅಮೆರಿಕದಿಂದ 1970ರ ದಶಕದಲ್ಲಿ ತಂದ ಸಿಗ್ನಲ್ ಕ್ರೇಫಿಶ್ ಎಂಬ, ನಮ್ಮ ಸೀಗಡಿಯ ಕಡೆಯ ನೆಂಟ, ದಕ್ಷಿಣ ಇಂಗ್ಲೆಂಡಿನ ಹೊಳೆಗಳಲ್ಲಿ ಮಿತಿಮೀರಿದೆ. ತಳದಲ್ಲಿ ಕೂತ ಎರೆಯನ್ನು ಅದು ಕೊಂಡಿಯಲ್ಲಿ ಹಿಸುಕಿ ತಿನ್ನುತ್ತದೆ, ಕೋಲಿನ ತುದಿ ಗಂಟೆಗಟ್ಟಲೆ ಸುಮ್ಮನೆ ತುಯ್ಯುತ್ತಿರುತ್ತದೆ. ಬೇಸಿಗೆಯ ರಾತ್ರಿ ಇದರ ಕಾಟ ಜೋರು. ಆಗ ಎರೆಯನ್ನು ತಳದಿಂದ ಒಂದು ಗೇಣು ಎತ್ತಿ ಬೆಂಡಿಗೆ ಬದಲಾಗುವುದೇ ಮೇಲು. ಗಾಳಕ್ಕೆ ಬಂದ ಸಿಗ್ನಲ್ ಕ್ರೇಫಿಶ್ಶನ್ನು ಮತ್ತೆ ನೀರಿಗೆ ಬಿಡುವುದು ಕಾನೂನಿನ ಪ್ರಕಾರ ತಪ್ಪು ಎಂಬುದೂ ನೆನಪಿರಲಿ.

ರೀಲಿಲ್ಲದ ಕೋಲು

ನಾಲ್ಕೈದು ಮೀಟರಿನ ಟೊಳ್ಳು ಕೋಲು, ತುದಿಗೆ ಕೋಲಿನಷ್ಟೇ ಉದ್ದದ ದಾರ, ಒಂದು ಬೆಂಡು, ಒಂದು ಗಾಳ. ಹೆಸರು ವಿಪ್. ನಮ್ಮ ಬಿದಿರ ಕೋಲೇ ಕಾರ್ಬನ್‌ನಲ್ಲಿ ಹುಟ್ಟಿ ಬಂದಂತೆ. ಮಕ್ಕಳ ಜೊತೆ ಹೋಗುವುದಾದರೆ ಕಣ್ಣು ಮುಚ್ಚಿ ಇದನ್ನೇ ಕೊಳ್ಳಿ. ಗಜನ್, ಡೇಸ್, ಸಣ್ಣ ರೋಚ್ ನಿಮಿಷಕ್ಕೊಂದರಂತೆ ಬರುವಾಗ ಏಳು ವರ್ಷದ ಮಗುವಿಗೆ ಬೇಸರವೇ ಆಗುವುದಿಲ್ಲ. ಇದರ ಮಿತಿಯೂ ಸ್ಪಷ್ಟ. ಒಂದು ಕಿಲೋ ದಾಟಿದ ಚಬ್ ಕಚ್ಚಿದರೆ ಬಿಡಲು ದಾರವಿಲ್ಲ, ಕಡಿದುಕೊಂಡು ಹೋಗುತ್ತದೆ, ಬಾಯಲ್ಲಿ ಗಾಳ ಉಳಿಯುತ್ತದೆ. ದೊಡ್ಡ ಮೀನಿರುವ ಬೇರಿನ ಬುಡಗಳಿಂದ ದೂರ, ತೆಳು ಜಲ್ಲಿಯ ಕಡೆ ಕೂರಿಸಿ.

ಇದರದೇ ದೊಡ್ಡ ರೂಪ, ಹನ್ನೊಂದು ಮೀಟರ್‌ಗೂ ಉದ್ದದ, ಒಳಗೆ ಎಳೆದರೆ ಹಿಗ್ಗುವ ರಬ್ಬರಿರುವ ಪೋಲ್. ಕಾಲುವೆಗೆ, ಕೆರೆಗೆ ಅದ್ಭುತ. ಮರ ಮುತ್ತಿದ ಸಣ್ಣ ಹೊಳೆಯಲ್ಲಿ, ಮೀನು ಸಿಕ್ಕಾಗ ಕೋಲನ್ನು ಹಿಂದಕ್ಕೆ ಜಾರಿಸಲು ಜಾಗವೇ ಇಲ್ಲ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಹೊಲದ ಮೇಲೆ ವಿದ್ಯುತ್ ತಂತಿ ಹಾದಿರುವ ಕಡೆ ಯಾವ ಕೋಲನ್ನೂ ಎತ್ತಬೇಡಿ, ಉದ್ದದ್ದನ್ನಂತೂ ಬೇಡವೇ ಬೇಡ.

ಎರೆಯ ಆಯ್ಕೆ

ಬಿಳಿ ಹುಳು, ಇಲ್ಲಿಯವರ ಮ್ಯಾಗಟ್, ಯಾವ ಮೀನಿಗೂ ಬೇಡವೆನಿಸುವುದಿಲ್ಲ. ಅದೇ ಅದರ ಗುಣ, ಅದೇ ಅದರ ದೋಷ: ಬೆರಳುದ್ದದ ಮಿನ್ನೋಗಳು ದೊಡ್ಡ ಮೀನಿಗೆ ತಲುಪಲು ಬಿಡುವುದಿಲ್ಲ. ಅಂಗಡಿಯಲ್ಲಿ ಪೈಂಟ್ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ, ತಂಪಿನಲ್ಲಿಟ್ಟರೆ ವಾರ ಇರುತ್ತದೆ. ಹುಳುವಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಲು ಮನೆಯಲ್ಲಿ ಒಪ್ಪದಿದ್ದರೆ, ಅಥವಾ ಜೀವವಿರುವ ಎರೆಯೇ ಬೇಡ ಎನಿಸಿದರೆ, ಬ್ರೆಡ್ ಇದೆ. ಹೊಸ ಬಿಳಿ ಬ್ರೆಡ್ಡಿನ ಒಳತಿರುಳನ್ನು ಹೆಬ್ಬೆರಳ ಗಾತ್ರ ಕಿತ್ತು, 8ರ ಗಾಳದ ಕಾಲಿಗೆ ಮಾತ್ರ ಒತ್ತಿ, ಅಂಚು ಹಕ್ಕಿಯ ಪುಕ್ಕದಂತೆ ಹರಡಿಕೊಳ್ಳಲು ಬಿಡಬೇಕು. ಚಳಿಗಾಲದ ತಿಳಿನೀರಿನಲ್ಲಿ ದೊಡ್ಡ ರೋಚ್‌ಗೂ ಚಬ್‌ಗೂ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ನೀರು ಕೆಂಪಾಗಿದ್ದರೆ ಮಾತ್ರ ಬ್ರೆಡ್ಡನ್ನು ಬದಿಗಿಟ್ಟು ಎರೆಹುಳಕ್ಕೆ ಹೋಗಿ. ಕಾಣದ ನೀರಿನಲ್ಲಿ ಮೀನು ವಾಸನೆ ಮತ್ತು ಅಲುಗಾಟದಿಂದ ಹುಡುಕುತ್ತದೆ.

ಬೇಸಿಗೆಯ ಸಂಜೆ ಚಬ್‌ಗೂ ಬಾರ್ಬೆಲ್‌ಗೂ ಇಲ್ಲಿಯವರು ಡಬ್ಬಿಯ ಲಂಚನ್ ಮೀಟ್ ತುಂಡು ಹಾಕುತ್ತಾರೆ. ಅದರ ಮೇಲೆ ಕರಿ ಪೌಡರ್ ಉದುರಿಸಿ ಹೊರಳಿಸುವ ಹಿರಿಯರನ್ನೂ ನೋಡಿದ್ದೇನೆ. ಮೀನಿಗೆ ಮಸಾಲೆ ಹಿಡಿಸುತ್ತದೆಂದು ಅವರಿಗೆ ಖಚಿತ ನಂಬಿಕೆ, ನನ್ನ ಅನುಭವವೂ ಅದೇ. ಕಾವೇರಿಯಲ್ಲಿ ಮಹಶೀರ್‌ಗೆ ರಾಗಿ ಉಂಡೆ ಹಾಕುತ್ತಿದ್ದುದನ್ನು ನೆನೆದು ಒಂದು ಆಗಸ್ಟ್ ಸಂಜೆ ಮುದ್ದೆಯ ಉಂಡೆಯನ್ನು ಇಲ್ಲೂ ಪ್ರಯತ್ನಿಸಿದೆ. ಬರಿ ರಾಗಿ ಹರಿಯುವ ನೀರಿನಲ್ಲಿ ಹತ್ತು ನಿಮಿಷಕ್ಕೆ ಕರಗಿತು, ಒಂದು ಹಿಡಿ ಮೈದಾ ಬೆರೆಸಿ ನಾದಿದ್ದು ನಿಂತಿತು. ಎರಡು ಚಬ್ ಬಂದವು. ಬಾರ್ಬೆಲ್ ಸಿಗಲಿಲ್ಲ. ಮೀಸೆ ಹೊತ್ತ ಆ ಬಾರ್ಬೆಲ್ ನಮ್ಮ ಮಹಶೀರ್‌ನ ಕುಟುಂಬದ್ದೇ, ಗೆಂಡೆಯ ಬಳಗ, ಹಾಗಾಗಿ ಆಸೆ ಬಿಟ್ಟಿಲ್ಲ.

ಯಾವ ದಿನ ಯಾವುದು

ಹೊರಡುವ ಹಿಂದಿನ ರಾತ್ರಿ ಸರ್ಕಾರದ ಜಾಲತಾಣದಲ್ಲಿ ಹೊಳೆಯ ಮಟ್ಟ ನೋಡಿ. ಏರುತ್ತಿದ್ದರೆ ಮನೆಯಲ್ಲಿರಿ: ಕಸಕಡ್ಡಿ ಬಂದು ದಾರಕ್ಕೆ ತೊಡರುತ್ತದೆ, ದಡವೂ ನಂಬಿಕೆಗೆ ಅರ್ಹವಲ್ಲ. ಏರಿ ಇಳಿಯುತ್ತಿದ್ದು ನೀರು ಇನ್ನೂ ಕದಡಿದ್ದರೆ ಲೆಜರ್, ಎರೆಹುಳ, ದಡದ ಬಳಿಯ ನಿಂತ ನೀರು. ಇಳಿದು ತಿಳಿಯಾಗಿ ಹಸಿರು ಛಾಯೆ ಬಂದಿದ್ದರೆ ಆ ದಿನ ರಜೆ ಹಾಕಿಯಾದರೂ ಬೆಂಡು ಹಿಡಿದು ಹೊರಡಿ. ಗಾಜಿನಂತೆ ತಿಳಿಯಾಗಿ ಹಿಮ ಬಿದ್ದ ಜನವರಿಯಲ್ಲಿ ಡೇಸ್ ಮತ್ತು ಚಬ್ ಎರಡೇ ಕಚ್ಚುವುದು, ಮಧ್ಯಾಹ್ನದ ನಂತರ ಹೋದರೆ ಸಾಕು.

ಅಕ್ಟೋಬರ್‌ನಲ್ಲಿ ದಡದ ಬಗ್ಗೆ ಎಚ್ಚರ. ಇಲ್ಲಿಯ ಹೊಳೆದಡಗಳನ್ನೆಲ್ಲ ಹಿಮಾಲಯನ್ ಬಾಲ್ಸಮ್ ಆವರಿಸಿದೆ. ನಮ್ಮ ಕರ್ಣಕುಂಡಲದ ಜಾತಿಯದು, 1839ರಲ್ಲಿ ತೋಟದ ಅಂದಕ್ಕೆಂದು ನಮ್ಮ ಹಿಮಾಲಯದಿಂದ ತಂದದ್ದು. ಬೇರು ಮೇಲೆಮೇಲೆ ಇರುವುದರಿಂದ, ಗಿಡ ಒಣಗಿ ಬಿದ್ದ ಮೇಲೆ ಬೋಳು ಜೇಡಿ ಸಾಬೂನಿನಂತೆ ಜಾರುತ್ತದೆ. ಊಟದ ಡಬ್ಬಿ ತೆರೆಯುವ ಮುಂಚೆ ಕೈಯನ್ನು ಶುದ್ಧ ನೀರಿನಲ್ಲಿ ತೊಳೆಯಿರಿ, ನಾವು ಊರಲ್ಲಿ ಹೆದರುವ ಇಲಿಜ್ವರ ಈ ನೀರಿನಿಂದಲೂ ಬರಬಹುದು.

ಒಂದೇ ಕೋಲು ಕೊಳ್ಳುವುದಾದರೆ

ನಾನು ಮೊದಲ ವರ್ಷ ಅಂಗಡಿಯವರ ಮಾತು ಕೇಳಿ ಕೆರೆಯ ದೊಡ್ಡ ಕಾರ್ಪ್‌ಗೆಂದು ಮಾಡಿದ ದಪ್ಪ ಕೋಲು ತಂದೆ. ಒಂದು ಅಂಗೈ ಉದ್ದದ ಡೇಸ್ ಕಚ್ಚಿ, ತಾನೇ ಬಿಡಿಸಿಕೊಂಡು ಹೋದದ್ದೂ ಕೈಗೆ ತಿಳಿಯುತ್ತಿರಲಿಲ್ಲ. ಆ ತಪ್ಪು ಬೇಡ. 11 ಅಡಿಯ ಏವನ್ ಕೋಲು ಎಂದು ಕೇಳಿ. ಒಂದೇ ಹಿಡಿಕೆಗೆ ಎರಡು ತುದಿ ಬರುತ್ತವೆ, ಒಂದು ಬೆಂಡಿಗೆ, ಇನ್ನೊಂದು ಕ್ವಿವರ್‌ಟಿಪ್. ಟ್ರಾಟಿಂಗ್‌ಗೆ ಎರಡು ಅಡಿ ಗಿಡ್ಡವಾಯಿತು, ನಿಜ, ಆದರೆ ಹತ್ತು ಮೀಟರ್ ಅಗಲದ ಹೊಳೆಗೆ ನಡೆಯುತ್ತದೆ. ಸಣ್ಣ ರೀಲಿಗೆ 4 ಪೌಂಡ್ ಭಾರ ತಡೆಯುವ ದಾರ, ಚಬ್ ದೊಡ್ಡದಿರುವ ಕಡೆ 6 ಪೌಂಡಿನದು. ಮುಳ್ಳಿಲ್ಲದ ಗಾಳ, ಗಂಟಿಲ್ಲದ ಕೈಬಲೆ, ಗಾಳ ಬಿಡಿಸುವ ಕಡ್ಡಿ. ಗುಂಡುಗಳು ಸೀಸದವಾಗಿರಬಾರದು: ಹಂಸಗಳು ನುಂಗಿ ವಿಷವೇರಿ ಸಾಯುತ್ತಿದ್ದುದರಿಂದ, ಧೂಳಿನಷ್ಟು ಚಿಕ್ಕವನ್ನು ಬಿಟ್ಟು, 28 ಗ್ರಾಂವರೆಗಿನ ಸೀಸದ ತೂಕಗಳಿಗೆ 1987ರಿಂದ ನಿಷೇಧವಿದೆ. ಊರಿಂದ ತಂದ ಹಳೆಯ ಡಬ್ಬಿಯನ್ನು ಇಲ್ಲಿ ತೆರೆಯಬೇಡಿ. ಪೈಕ್‌ಗೆ ತಂತಿ ಕಟ್ಟಿದ ಬೇರೆಯೇ ಸಲಕರಣೆ ಬೇಕು, ಅದನ್ನು ಬಲ್ಲವರ ಜೊತೆ ಮಾತ್ರ.

ಹಿಡಿದದ್ದನ್ನು ಸಾರಿಗೆ ಒಯ್ಯಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಕಾನೂನಿನಲ್ಲಿ ದಿನಕ್ಕೆ 20 ಸೆಂಟಿಮೀಟರ್ ಒಳಗಿನ 15 ಸಣ್ಣ ಮೀನು, 65 ಸೆಂಟಿಮೀಟರ್ ಒಳಗಿನ ಒಂದು ಪೈಕ್ ಎಂಬಂಥ ಮಿತಿಗಳಿವೆ, ಆದರೆ ಹೆಚ್ಚಿನ ಕ್ಲಬ್ಬುಗಳು ಒಂದನ್ನೂ ಒಯ್ಯಲು ಬಿಡುವುದಿಲ್ಲ. ಊರಲ್ಲಿ ಹಿಡಿದದ್ದನ್ನೆಲ್ಲ ಅಡುಗೆಮನೆಗೆ ತಂದವನಾದ ನನಗೆ ಮೊದಲು ಇದು ವಿಚಿತ್ರವೆನಿಸಿತ್ತು. ಈಗ ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟುತ್ತೇನೆ, ಒಣಗೈ ಅದರ ಲೋಳೆಯನ್ನು ಕಿತ್ತುಬಿಡುತ್ತದೆ. ಬಾರ್ಬೆಲ್‌ಗೆ ಇನ್ನೂ ಹೆಚ್ಚು ಜತನ ಬೇಕು. ಅದು ಉಸಿರು ಕಟ್ಟುವವರೆಗೂ ಹೋರಾಡುತ್ತದೆ, ಬಿಟ್ಟ ಕೂಡಲೇ ಮಗುಚಿ ಬೀಳುತ್ತದೆ. ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಕಿವಿರು ಸಮವಾಗಿ ಆಡಿ, ಬಾಲವೇ ಕೈಯನ್ನು ಒದ್ದು ಹೊರಡುವವರೆಗೆ ಕಾಯಬೇಕು, ಐದು ನಿಮಿಷವಾಗಲಿ ಹತ್ತಾಗಲಿ. ಬಿಸಿಲಿಗೆ ಹೊಳೆ ಬತ್ತಿ ನೀರು ಬೆಚ್ಚಗಾದ ಜುಲೈ ದಿನಗಳಲ್ಲಿ ಅಷ್ಟು ಕಾದರೂ ಅದು ಚೇತರಿಸಿಕೊಳ್ಳುವುದು ಕಷ್ಟ. ಅಂಥ ದಿನ ನಾನು ದೊಡ್ಡ ಕೋಲನ್ನು ಕಾರಿನಲ್ಲೇ ಬಿಟ್ಟು, ಮಗಳ ವಿಪ್ ತೆಗೆದುಕೊಂಡು ಜಲ್ಲಿಯ ಮೇಲೆ ಗಜನ್ ಹಿಡಿಯಲು ಹೋಗುತ್ತೇನೆ.